ವಿಕ್ಟೋರಿಯಾ ಕಾಲದ ನಾಟಕ: ಪರವಾನಗಿ ಯಾರದು, ಕರ್ತೃ ಯಾರು? ಹುಡುಕುವವರಿಗೊಂದು ಮಾರ್ಗದರ್ಶಿ

ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ನಾಟಕವೊಂದನ್ನು ಅನುವಾದಿಸಲು, ರಂಗಕ್ಕೆ ತರಲು ಅಥವಾ ಅದರ ಬಗ್ಗೆ ಪ್ರಬಂಧ ಬರೆಯಲು ಹೊರಟವರಿಗೆ ಬೇಗನೆ ಎರಡು ಪ್ರಶ್ನೆಗಳು ಎದುರಾಗುತ್ತವೆ. ಈ ನಾಟಕಕ್ಕೆ ಪ್ರದರ್ಶನದ ಅನುಮತಿ ಯಾವಾಗ, ಯಾವ ರೂಪದಲ್ಲಿ ಸಿಕ್ಕಿತು? ಇದನ್ನು ನಿಜವಾಗಿ ಬರೆದವರು ಯಾರು? ಎರಡಕ್ಕೂ ಒಂದೇ ಕಡತದಲ್ಲಿ ಉತ್ತರವಿರುತ್ತದೆ ಎಂದು ನಂಬಿಕೊಂಡು ಹುಡುಕತೊಡಗಿದರೆ ಬಹಳ ಸಮಯ ವ್ಯರ್ಥವಾಗುತ್ತದೆ, ಏಕೆಂದರೆ ಆ ಕಾಲದ ಪರವಾನಗಿ ಕಾನೂನು ರಂಗಮಂದಿರದ ಮ್ಯಾನೇಜರನ ಸಹಿಯನ್ನು ಕೇಳುತ್ತಿತ್ತೇ ಹೊರತು ನಾಟಕಕಾರನ ಹೆಸರನ್ನು ಕೇಳುತ್ತಿರಲಿಲ್ಲ. ಲೇಖಕನ ಹೆಸರು ಬೇಕಾಗಿದ್ದುದು ಕೃತಿಸ್ವಾಮ್ಯದ ಕಾನೂನಿಗೆ. ಅದರ ಕಾಗದಪತ್ರಗಳು ಬೇರೆ, ಅವು ಸೇರಿದ ಕಚೇರಿಯೂ ಬೇರೆ. ಈ ಎರಡು ದಾಖಲೆಗಳನ್ನು ಬೇರೆಬೇರೆಯಾಗಿಯೇ ಹುಡುಕಿ, ಕೊನೆಗೆ ಒಂದರ ಪಕ್ಕ ಒಂದನ್ನಿಟ್ಟು ನೋಡುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲ ಹೆಜ್ಜೆ: ಯಾವ ಕಾನೂನು, ಯಾವ ಊರು

ನಾಟಕ ಮೊದಲು ಪ್ರದರ್ಶನಗೊಂಡ ವರ್ಷವನ್ನೂ ಊರನ್ನೂ ಮೊದಲು ಗೊತ್ತುಮಾಡಿಕೊಳ್ಳಿ. ಬ್ರಿಟನ್ನಿನಲ್ಲಿ ಹೊಸ ನಾಟಕಗಳನ್ನು ಅರಮನೆಯ ಅಧಿಕಾರಿಯಾದ ಲಾರ್ಡ್ ಚೇಂಬರ್ಲೇನ್‌ಗೆ ಒಪ್ಪಿಸಿ ಒಪ್ಪಿಗೆ ಪಡೆಯಬೇಕೆಂಬ ನಿಯಮ 1737ರಲ್ಲಿ ಬಂತು. ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದ 1837ರಲ್ಲಿಯೂ ಅದೇ ಹಳೆಯ ಕಾನೂನು ಜಾರಿಯಲ್ಲಿತ್ತು. ಆಗ ಮಾತಿನ ನಾಟಕವನ್ನು ಆಡುವ ಹಕ್ಕು ಲಂಡನ್ನಿನಲ್ಲಿ ಮುಖ್ಯವಾಗಿ ಡ್ರೂರಿ ಲೇನ್ ಮತ್ತು ಕಾವೆಂಟ್ ಗಾರ್ಡನ್ ರಂಗಮಂದಿರಗಳ ಸ್ವತ್ತಾಗಿತ್ತು. ಚಿಕ್ಕ ರಂಗಮಂದಿರಗಳು ನಾಟಕದ ನಡುವೆ ಹಾಡುಗಳನ್ನು ಸೇರಿಸಿ ಅದನ್ನು ‘ಬರ್ಲೆಟ್ಟಾ’ ಎಂದು ಕರೆದು ದಾರಿ ಮಾಡಿಕೊಳ್ಳುತ್ತಿದ್ದವು. ಹಾಗಾಗಿ 1837ರಿಂದ 1843ರವರೆಗಿನ ನಾಟಕ, ಅದರಲ್ಲೂ ಥೇಮ್ಸ್ ನದಿಯ ದಕ್ಷಿಣ ದಂಡೆಯ ಸರ್ರೇ ಥಿಯೇಟರಿನಂಥ ಕಡೆ ಆಡಿದ ನಾಟಕ, ಸರ್ಕಾರಿ ಕಡತದಲ್ಲಿ ಕಾಣದಿದ್ದರೆ ಅಚ್ಚರಿಪಡಬೇಕಾಗಿಲ್ಲ.

ಈ ವ್ಯವಸ್ಥೆಯನ್ನು ಬದಲಾಯಿಸಿದ್ದು 1843ರ ಥಿಯೇಟರ್ಸ್ ಆ್ಯಕ್ಟ್. ಅದು ಎರಡು ದೊಡ್ಡ ರಂಗಮಂದಿರಗಳ ಏಕಸ್ವಾಮ್ಯವನ್ನು ಕೊನೆಗೊಳಿಸಿತು, ಜೊತೆಗೆ ಗ್ರೇಟ್ ಬ್ರಿಟನ್ನಿನಲ್ಲಿ ಹಣ ಪಡೆದು ಆಡುವ ಪ್ರತಿಯೊಂದು ಹೊಸ ನಾಟಕದ, ಹಳೆಯ ನಾಟಕಕ್ಕೆ ಸೇರಿಸಿದ ಪ್ರತಿಯೊಂದು ಹೊಸ ಅಂಕ ಅಥವಾ ದೃಶ್ಯದ ಒಂದು ಪ್ರತಿಯನ್ನು ಮೊದಲ ಪ್ರದರ್ಶನಕ್ಕೆ ಕನಿಷ್ಠ ಏಳು ದಿನ ಮುಂಚೆ ಕಳುಹಿಸಬೇಕೆಂದು ವಿಧಿಸಿತು. ಶುಲ್ಕ ಎರಡು ಗಿನಿಯನ್ನು ಮೀರುವಂತಿರಲಿಲ್ಲ. ಅನುಮತಿಯಿಲ್ಲದೆ ಆಡಿದರೆ ಐವತ್ತು ಪೌಂಡುಗಳವರೆಗೆ ದಂಡ ಬೀಳುತ್ತಿತ್ತು, ರಂಗಮಂದಿರದ ಸ್ವಂತ ಲೈಸೆನ್ಸೂ ರದ್ದಾಗುತ್ತಿತ್ತು. ಈ ವ್ಯವಸ್ಥೆ 1968ರ ಸೆಪ್ಟೆಂಬರಿನವರೆಗೆ ಉಳಿಯಿತು.

ಕಡತದಲ್ಲಿ ಯಾವುದು ಇರುವುದಿಲ್ಲ ಎಂಬುದೂ ಈ ಹಂತದಲ್ಲೇ ತಿಳಿದಿರಬೇಕು. ಐರ್ಲೆಂಡ್ ಈ ಕಾನೂನಿನ ವ್ಯಾಪ್ತಿಗೆ ಬರುತ್ತಿರಲಿಲ್ಲ, ಆದ್ದರಿಂದ ಡಬ್ಲಿನ್ನಿನಲ್ಲಿ ಮಾತ್ರ ಆಡಿದ ನಾಟಕವನ್ನು ಇಲ್ಲಿ ಹುಡುಕಿ ಫಲವಿಲ್ಲ. ಒಮ್ಮೆ ಅನುಮತಿ ಪಡೆದ ನಾಟಕವನ್ನು ಮತ್ತೆ ಆಡಿದಾಗ ಹೊಸ ಪ್ರತಿ ಒಪ್ಪಿಸುವ ಅಗತ್ಯವಿರಲಿಲ್ಲ, ಆದ್ದರಿಂದ ಮರುಪ್ರದರ್ಶನಗಳ ಗುರುತು ಉಳಿದಿಲ್ಲ. ಮ್ಯೂಸಿಕ್ ಹಾಲ್‌ಗಳಿಗೆ ಲೈಸೆನ್ಸ್ ಕೊಡುವ ಅಧಿಕಾರ ಸ್ಥಳೀಯ ಮ್ಯಾಜಿಸ್ಟ್ರೇಟರದಾಗಿತ್ತು. ಅಲ್ಲಿನ ಹಾಡು, ಕಿರುಪ್ರಹಸನಗಳು ಈ ದಾಖಲೆಗೆ ಸೇರುತ್ತಿರಲಿಲ್ಲ. ಬ್ರಿಟಿಷ್ ಭಾರತಕ್ಕೂ ಇದು ಅನ್ವಯಿಸುತ್ತಿರಲಿಲ್ಲ: ಇಲ್ಲಿ 1876ರ ನಾಟಕ ಪ್ರದರ್ಶನ ಕಾಯ್ದೆ ಸರ್ಕಾರಕ್ಕೆ ನಾಟಕವನ್ನು ನಿಷೇಧಿಸುವ ಅಧಿಕಾರವನ್ನು ಕೊಟ್ಟಿತು, ಮುಂಗಡ ಲೈಸೆನ್ಸನ್ನು ಅಧಿಸೂಚಿತ ಪ್ರದೇಶಗಳಿಗೆ ಮಾತ್ರ ಸೀಮಿತಗೊಳಿಸಿತು.

ಎರಡನೆಯ ಹೆಜ್ಜೆ: ಹಸ್ತಪ್ರತಿಯನ್ನು ಪತ್ತೆಹಚ್ಚುವುದು

ಒಪ್ಪಿಸಿದ ಪ್ರತಿಗಳು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. 1824ರಿಂದ 1851ರ ಆರಂಭದವರೆಗಿನವು ಅಲ್ಲಿನ ‘ಅಡಿಷನಲ್ ಮ್ಯಾನುಸ್ಕ್ರಿಪ್ಟ್ಸ್’ ಸರಣಿಯಲ್ಲಿ 42865ರಿಂದ 43038ರವರೆಗಿನ ಸಂಪುಟಗಳಲ್ಲಿ ಸಿಗುತ್ತವೆ. ಆಮೇಲೆ ಶತಮಾನದ ಅಂತ್ಯದವರೆಗಿನವು 52929ರಿಂದ ಮುಂದಿನ ಸಂಪುಟಗಳಲ್ಲಿ ಸಿಗುತ್ತವೆ. ನೇರವಾಗಿ ಸಂಪುಟಗಳಿಗೆ ಕೈಹಾಕುವುದಕ್ಕಿಂತ ಮುಂಚೆ ಕಚೇರಿಯ ದಾಖಲಾತಿ ಪುಸ್ತಕಗಳನ್ನು, ಅಂದರೆ ಅಲ್ಲಿ ‘ಡೇ ಬುಕ್’ ಎಂದು ಕರೆಯುವ ಏಳು ಸಂಪುಟಗಳನ್ನು (53702ರಿಂದ 53708), ನೋಡುವುದು ಒಳ್ಳೆಯದು. ನಾಟಕದ ಹೆಸರು, ರಂಗಮಂದಿರ, ಪ್ರತಿ ಬಂದ ದಿನ, ಪರವಾನಗಿ ಕೊಟ್ಟ ದಿನ, ತೆಗೆದುಹಾಕಲು ಹೇಳಿದ ಸಾಲುಗಳ ಟಿಪ್ಪಣಿ ಇವೆಲ್ಲ ಅಲ್ಲಿವೆ. ಮೂಲ ಹಸ್ತಪ್ರತಿ ನೋಡಲು ಗ್ರಂಥಾಲಯದ ಓದುಗರ ಪಾಸ್ ಬೇಕು. ಅದಕ್ಕೆ ಮೊದಲೇ ಅರ್ಜಿ ಹಾಕಿ, ಸಂಪುಟದ ಸಂಖ್ಯೆಯನ್ನು ಗುರುತುಹಾಕಿಕೊಂಡು ಹೋಗಿ.

ಪರಿಚಿತ ಶೀರ್ಷಿಕೆಯಿಂದ ಹುಡುಕಿದಾಗ ಏನೂ ಸಿಗದಿದ್ದರೆ ಕೈಬಿಡಬೇಡಿ. ರಂಗಮಂದಿರ ಮತ್ತು ತಿಂಗಳನ್ನು ಹಿಡಿದು ಹುಡುಕಿ, ಏಕೆಂದರೆ ಒಪ್ಪಿಸುವಾಗಿನ ಹೆಸರು ಆಮೇಲೆ ಬದಲಾಗಿರಬಹುದು. ಆಸ್ಕರ್ ವೈಲ್ಡನ ‘ದ ಇಂಪಾರ್ಟೆನ್ಸ್ ಆಫ್ ಬೀಯಿಂಗ್ ಅರ್ನೆಸ್ಟ್’ ನಾಟಕ 1895ರ ಫೆಬ್ರವರಿ 14ರಂದು ಸೇಂಟ್ ಜೇಮ್ಸ್ ಥಿಯೇಟರಿನಲ್ಲಿ ಮೊದಲು ಪ್ರದರ್ಶನವಾಯಿತು. ಆದರೆ ಪರವಾನಗಿಗೆ ಹೋದ ಪ್ರತಿಯ ಮೇಲಿರುವ ಹೆಸರು ‘ಲೇಡಿ ಲ್ಯಾನ್ಸಿಂಗ್’. ಈಗ ಎಲ್ಲರಿಗೂ ಗೊತ್ತಿರುವ ಶೀರ್ಷಿಕೆಯನ್ನು ಮಾತ್ರ ಹಿಡಿದುಕೊಂಡು ಆ ಸಂಪುಟವನ್ನು ತಿರುವಿದರೆ ಇಂಗ್ಲಿಷಿನ ಅತಿ ಪ್ರಸಿದ್ಧ ವಿನೋದ ನಾಟಕಗಳಲ್ಲೊಂದು ಕಣ್ಣೆದುರಿದ್ದೂ ತಪ್ಪಿಹೋಗುತ್ತದೆ.

ಮೂರನೆಯ ಹೆಜ್ಜೆ: ಪ್ರತಿಯನ್ನು ಓದುವುದು

ಕೈಗೆ ಬಂದ ಪ್ರತಿಯನ್ನು ಲೇಖಕನ ಅಂತಿಮ ಪಠ್ಯ ಎಂದು ತಿಳಿಯಬಾರದು. ಅದು ಪರೀಕ್ಷಕನಿಗೆ, ಅಂದರೆ ಲಾರ್ಡ್ ಚೇಂಬರ್ಲೇನ್ ಪರವಾಗಿ ನಾಟಕಗಳನ್ನು ಓದುವ ಅಧಿಕಾರಿಗೆ, ತೋರಿಸಲು ತಯಾರಾದ ಪ್ರತಿ ಮಾತ್ರ. ಎಷ್ಟೋ ಪ್ರತಿಗಳನ್ನು ಬರೆದಿರುವುದು ರಂಗಮಂದಿರದ ನಕಲುಗಾರರು, ಆದ್ದರಿಂದ ಕೈಬರಹವನ್ನು ನೋಡಿ ಲೇಖಕನನ್ನು ಗುರುತಿಸುವ ಪ್ರಯತ್ನ ಬಹಳ ಸಲ ದಾರಿತಪ್ಪಿಸುತ್ತದೆ. ನಟರು ರಂಗದ ಮೇಲೆ ಸೇರಿಸಿದ ಮಾತುಗಳು ಇದರಲ್ಲಿ ಇರುವುದಿಲ್ಲ. ಮೊದಲು ಮುಖಪುಟದಲ್ಲಿರುವ ರಂಗಮಂದಿರದ ಹೆಸರು, ಉದ್ದೇಶಿತ ದಿನ ಮತ್ತು ಮ್ಯಾನೇಜರನ ಸಹಿಯನ್ನು ಬರೆದುಕೊಳ್ಳಿ. ಆಮೇಲೆ ಪುಟಗಳ ಅಂಚಿನ ಗುರುತುಗಳನ್ನೂ ಅಡಿಗೆರೆಗಳನ್ನೂ ಡೇ ಬುಕ್ಕಿನ ಟಿಪ್ಪಣಿಯೊಂದಿಗೆ ತಾಳೆಮಾಡಿ. ಎರಡೂ ಹೊಂದಿದಾಗ ಮಾತ್ರ ಅದು ಪರೀಕ್ಷಕನ ಕತ್ತರಿ ಎಂದು ಹೇಳಲು ಆಧಾರ ಸಿಗುತ್ತದೆ, ಇಲ್ಲವಾದರೆ ಅದು ರಂಗಮಂದಿರದವರೇ ಮಾಡಿಕೊಂಡ ಕಡಿತವೂ ಆಗಿರಬಹುದು.

ಆಗ ಪರೀಕ್ಷಕರಾಗಿದ್ದವರು ಯಾರು ಎಂಬುದನ್ನೂ ನೋಡಿಕೊಳ್ಳಿ. ಜಾನ್ ಮಿಚೆಲ್ ಕೆಂಬಲ್ 1840ರಿಂದ, ವಿಲಿಯಂ ಬೋಡಮ್ ಡನ್ 1857ರಿಂದ, ಎಡ್ವರ್ಡ್ ಪಿಗಟ್ 1874ರಿಂದ, ಜಾರ್ಜ್ ರೆಡ್‌ಫರ್ಡ್ 1895ರಿಂದ ಈ ಹುದ್ದೆಯಲ್ಲಿದ್ದರು. ‘ಸಭ್ಯತೆ, ಮರ್ಯಾದೆ, ಸಾರ್ವಜನಿಕ ಶಾಂತಿ’ಯ ರಕ್ಷಣೆಗಾಗಿ ನಿಷೇಧಿಸಬಹುದು ಎಂದಷ್ಟೇ ಕಾನೂನು ಹೇಳಿದ್ದರಿಂದ, ಆ ಮಾತುಗಳನ್ನು ವ್ಯಾಖ್ಯಾನಿಸುವ ಅಧಿಕಾರ ಬಹುಮಟ್ಟಿಗೆ ಈ ಒಬ್ಬೊಬ್ಬ ವ್ಯಕ್ತಿಯ ಕೈಯಲ್ಲಿತ್ತು.

ಹತ್ತಿರದಿಂದ ನೋಡಲು ತಕ್ಕ ಒಂದು ಪ್ರತಿಯೆಂದರೆ ಬ್ರಾಮ್ ಸ್ಟೋಕರನ ‘ಡ್ರಾಕುಲಾ’. ಕಾದಂಬರಿ 1897ರ ಮೇ ತಿಂಗಳ ಕೊನೆಯಲ್ಲಿ ಹೊರಬಂತು, ಅದಕ್ಕೆ ಕೆಲವೇ ದಿನ ಮುಂಚೆ, ಮೇ 18ರಂದು, ಸ್ಟೋಕರ್ ತಾನೇ ವ್ಯವಹಾರ ನೋಡಿಕೊಳ್ಳುತ್ತಿದ್ದ ಲೈಸಿಯಂ ಥಿಯೇಟರಿನಲ್ಲಿ ಅದರ ನಾಟಕರೂಪವನ್ನು ಓದಿಸಿದ. ಪರವಾನಗಿಗೆ ಕೊಟ್ಟ ಪ್ರತಿಯಲ್ಲಿ ಒಂದು ಕಡೆ ಅವನ ಅವಸರದ ಕೈಬರಹವಿದೆ, ಮತ್ತೊಂದು ಕಡೆ ಕಾದಂಬರಿಯ ಕರಡಚ್ಚಿನ ಹಾಳೆಗಳಿಂದ ಕತ್ತರಿಸಿದ ತುಂಡುಗಳನ್ನು ಅಂಟಿಸಲಾಗಿದೆ. ನಡುನಡುವೆ ಪಾತ್ರದ ಹೆಸರನ್ನೂ ರಂಗಸೂಚನೆಯನ್ನೂ ಶಾಯಿಯಲ್ಲಿ ಸೇರಿಸಲಾಗಿದೆ. ಇದು ರಂಗಕ್ಕಾಗಿ ಕಟ್ಟಿದ ನಾಟಕವಲ್ಲ ಎಂಬುದು ಆ ಹಾಳೆಗಳನ್ನು ನೋಡಿದ ಕೂಡಲೇ ತಿಳಿಯುತ್ತದೆ. ಹಾಗಿದ್ದರೂ ಇದನ್ನು ಏಕೆ ಒಪ್ಪಿಸಿದ ಎಂಬುದಕ್ಕೆ ಉತ್ತರ ಕೃತಿಸ್ವಾಮ್ಯದ ಕಡೆಯಿದೆ.

ನಾಲ್ಕನೆಯ ಹೆಜ್ಜೆ: ಕರ್ತೃವನ್ನು ಹುಡುಕುವುದು

ಈ ಹೆಜ್ಜೆಗೆ ಹೆಚ್ಚು ಸಮಯ ಮೀಸಲಿಡಿ. 1833ರವರೆಗೆ ಇಂಗ್ಲಿಷ್ ನಾಟಕಕಾರನಿಗೆ ಪ್ರದರ್ಶನದ ಮೇಲೆ ಕಾನೂನಿನ ಹಕ್ಕೇ ಇರಲಿಲ್ಲ ಎನ್ನಬಹುದು. ನಾಟಕ ಅಚ್ಚಾದ ಮೇಲೆ ಯಾರು ಬೇಕಾದರೂ ಆಡಬಹುದಾಗಿತ್ತು. ಎಡ್ವರ್ಡ್ ಬುಲ್ವರ್ ಪ್ರಯತ್ನದಿಂದ ಆ ವರ್ಷ ಬಂದ ಕಾನೂನು ಲೇಖಕನಿಗೆ ಪ್ರದರ್ಶನ ಹಕ್ಕನ್ನು ಕೊಟ್ಟಿತು, ಅನುಮತಿಯಿಲ್ಲದ ಪ್ರತಿ ಪ್ರದರ್ಶನಕ್ಕೆ ಕನಿಷ್ಠ ನಲವತ್ತು ಶಿಲಿಂಗ್ ವಸೂಲು ಮಾಡುವ ಅವಕಾಶವನ್ನೂ ಕೊಟ್ಟಿತು. 1842ರ ಕಾನೂನು ಹಕ್ಕಿನ ಅವಧಿಯನ್ನು 42 ವರ್ಷ ಅಥವಾ ಲೇಖಕನ ಜೀವಿತಾವಧಿಯ ಮೇಲೆ ಏಳು ವರ್ಷ, ಎರಡರಲ್ಲಿ ಯಾವುದು ಹೆಚ್ಚೋ ಅಷ್ಟಕ್ಕೆ ವಿಸ್ತರಿಸಿತು. ಅದೇ ಕಾನೂನಿನಂತೆ ಲಂಡನ್ನಿನ ಸ್ಟೇಷನರ್ಸ್ ಹಾಲ್‌ನಲ್ಲಿ ನೋಂದಣಿ ಮಾಡಿಸುವಾಗ ಅಚ್ಚಾಗದ ನಾಟಕದ ಶೀರ್ಷಿಕೆ, ಲೇಖಕನ ಮತ್ತು ಹಕ್ಕುದಾರನ ಹೆಸರು ಹಾಗೂ ವಿಳಾಸ, ಮೊದಲ ಪ್ರದರ್ಶನದ ಸ್ಥಳ ಮತ್ತು ದಿನ ಇಷ್ಟನ್ನೂ ಬರೆಸಬೇಕಾಗಿತ್ತು. ಪರವಾನಗಿ ಕಡತದಲ್ಲಿ ಇಲ್ಲದ ಹೆಸರು ಇಲ್ಲಿ ಸಿಗುವ ಸಾಧ್ಯತೆಯಿದೆ. ಈ ನೋಂದಣಿ ದಾಖಲೆಗಳು ಈಗ ಕ್ಯೂ ಎಂಬಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ. ಆದರೆ ನೋಂದಣಿ ಮಾಡಿಸದಿದ್ದರೂ ಪ್ರದರ್ಶನ ಹಕ್ಕು ಉಳಿಯುತ್ತಿತ್ತು, ಆದ್ದರಿಂದ ಅಲ್ಲಿ ಹೆಸರಿಲ್ಲ ಎಂಬುದರಿಂದ ಏನನ್ನೂ ಸಾಧಿಸಲಾಗದು.

ಮುಂದೆ ಪ್ರದರ್ಶನದ ವಾರದ ಪತ್ರಿಕೆಗಳನ್ನು ನೋಡಿ. ರಂಗಭೂಮಿಯ ಸುದ್ದಿಗೆ ಹೆಸರಾಗಿದ್ದ ‘ದ ಇರಾ’ ವಾರಪತ್ರಿಕೆ 1838ರಿಂದ ಸಿಗುತ್ತದೆ. ವಿಮರ್ಶಕರು ಕರ್ತೃವಿನ ಹೆಸರಿನ ಜೊತೆಗೆ ಮೂಲ ಫ್ರೆಂಚ್ ನಾಟಕದ ಹೆಸರನ್ನೂ ಹೇಳುವುದುಂಟು, ಇದು ಬಹಳ ಮುಖ್ಯ. ಟಾಮ್ ಟೇಲರನ ‘ದ ಟಿಕೆಟ್-ಆಫ್-ಲೀವ್ ಮ್ಯಾನ್’ 1863ರ ಮೇ 27ರಂದು ಒಲಿಂಪಿಕ್ ಥಿಯೇಟರಿನಲ್ಲಿ ರಂಗಕ್ಕೆ ಬಂದು ಭಾರಿ ಯಶಸ್ಸು ಕಂಡಿತು, ಅದರ ಪತ್ತೇದಾರ ಹಾಕ್‌ಷಾ ಮನೆಮಾತಾದ. ಆ ನಾಟಕಕ್ಕೆ ಮೂಲ ಬ್ರಿಸ್‌ಬಾರ್ ಮತ್ತು ನ್ಯೂಸ್ ಎಂಬಿಬ್ಬರು ಬರೆದ ‘ಲೆಯೊನಾರ್’. 1852ರ ಅಂತರರಾಷ್ಟ್ರೀಯ ಕೃತಿಸ್ವಾಮ್ಯದ ಕಾನೂನು ಫ್ರೆಂಚ್ ನಾಟಕಗಳ ನೇರ ಅನುವಾದಕ್ಕೆ ಕಡಿವಾಣ ಹಾಕಿದರೂ ‘ನ್ಯಾಯವಾದ ಅನುಕರಣೆ ಅಥವಾ ರೂಪಾಂತರ’ಕ್ಕೆ ಅವಕಾಶ ಬಿಟ್ಟಿತ್ತು, ಇಂಥ ರೂಪಾಂತರಗಳನ್ನು ಸ್ವಂತ ಕೃತಿಯೆಂದೇ ಪ್ರಕಟಿಸುವುದು ಆಗ ರೂಢಿಯಾಗಿತ್ತು. ಇದನ್ನು ಕಳ್ಳತನವೆಂದು ತೀರ್ಪು ಕೊಡುವುದಕ್ಕಿಂತ, ‘ಟೇಲರ್, ಬ್ರಿಸ್‌ಬಾರ್ ಮತ್ತು ನ್ಯೂಸ್ ಅವರ ನಾಟಕದಿಂದ’ ಎಂದು ಮೂಲಕರ್ತರ ಹೆಸರನ್ನೂ ಸೇರಿಸಿ ಬರೆಯುವುದು ಸರಿಯಾದ ದಾಖಲೆ ಎಂದು ನನಗೆ ತೋರುತ್ತದೆ.

ಅಚ್ಚಾದ ಪ್ರತಿಗಳು ಮೂರನೆಯ ಆಧಾರ. ಥಾಮಸ್ ಹೇಲ್ಸ್ ಲೇಸಿ ಪ್ರಕಟಿಸಿದ ರಂಗಪ್ರತಿಗಳ ಮಾಲೆ (ಅದು ಮುಂದೆ ಸ್ಯಾಮ್ಯುಯೆಲ್ ಫ್ರೆಂಚ್ ಕೈಗೆ ಹೋಯಿತು) ಮತ್ತು ಜಾನ್ ಡಿಕ್ಸ್‌ನ ಒಂದು ಪೆನ್ನಿಯ ನಾಟಕಗಳು ಕರ್ತೃವಿನ ಹೆಸರು ಕೊಡುತ್ತವೆ, ಲೇಸಿಯ ಪ್ರತಿಗಳಲ್ಲಿ ಮೊದಲ ಪ್ರದರ್ಶನದ ಪಾತ್ರಧಾರಿಗಳ ಪಟ್ಟಿಯೂ ಸಿಗುತ್ತದೆ. ಅಲೆರ್ಡೈಸ್ ನಿಕಲ್ ತಮ್ಮ ಇಂಗ್ಲಿಷ್ ನಾಟಕ ಚರಿತ್ರೆಯ ಕೊನೆಯಲ್ಲಿ ಕೊಟ್ಟಿರುವ ಪಟ್ಟಿಗಳಲ್ಲಿ ಲೇಖಕರ ಹೆಸರಿನ ಕೆಳಗೆ ನಾಟಕಗಳನ್ನು ಜೋಡಿಸಲಾಗಿದೆ, ಕರ್ತೃ ತಿಳಿಯದವುಗಳನ್ನು ಬೇರೆ ಕೊಡಲಾಗಿದೆ. ಕೆಲಸ ಆರಂಭಿಸಲು ಅದಕ್ಕಿಂತ ಒಳ್ಳೆಯ ಮುದ್ರಿತ ಸಾಧನವನ್ನು ನಾನು ಕಂಡಿಲ್ಲ.

ಹೆಸರು ಸಿಕ್ಕ ಮೇಲೂ ಹಕ್ಕು ಯಾರದೆಂದು ಕೇಳಬೇಕಾಗುತ್ತದೆ. 1856ರ ‘ಶೆಪರ್ಡ್ ವಿರುದ್ಧ ಕಾಂಕ್ವೆಸ್ಟ್’ ಮೊಕದ್ದಮೆಯಲ್ಲಿ ಸರ್ರೇ ಥಿಯೇಟರಿನ ಮಾಲೀಕರು ತಾವೇ ಹಣ ಕೊಟ್ಟು ಪ್ಯಾರಿಸ್ಸಿಗೆ ಕಳುಹಿಸಿ ಬರೆಸಿದ ನಾಟಕವನ್ನು ಬೇರೆ ರಂಗಮಂದಿರ ಆಡಿತೆಂದು ದೂರಿದರು. ಲಿಖಿತ ಹಸ್ತಾಂತರ ಇರಲಿಲ್ಲವಾದ್ದರಿಂದ ಹಕ್ಕು ಬರೆದವನಲ್ಲೇ ಉಳಿಯುತ್ತದೆ ಎಂದು ನ್ಯಾಯಾಲಯ ಹೇಳಿತು. 1871ರ ‘ಲೆವಿ ವಿರುದ್ಧ ರಟ್ಲಿ’ ತೀರ್ಪಿನ ಪ್ರಕಾರ, ಬರೆದು ಮುಗಿದ ನಾಟಕಕ್ಕೆ ಮ್ಯಾನೇಜರನೊಬ್ಬ ಒಂದು ದೃಶ್ಯವನ್ನು ಸೇರಿಸಿದ ಮಾತ್ರಕ್ಕೆ ಅವನು ಸಹಕರ್ತೃವಾಗುವುದಿಲ್ಲ. ಇಬ್ಬರೂ ಮೊದಲೇ ಒಂದು ಯೋಜನೆ ಹಾಕಿಕೊಂಡು ಕೂಡಿ ದುಡಿದಿರಬೇಕು. ಟಾಮ್ ಟೇಲರ್ ಮತ್ತು ಚಾರ್ಲ್ಸ್ ರೀಡ್ ಕೂಡಿ ಬರೆದ ‘ಮಾಸ್ಕ್ಸ್ ಆ್ಯಂಡ್ ಫೇಸಸ್’ (1852) ಅಂಥ ನಿಜವಾದ ಸಹಕರ್ತೃತ್ವಕ್ಕೆ ಉದಾಹರಣೆ.

ಹೆಸರನ್ನು ಬೇಕೆಂದೇ ಮರೆಮಾಡಿದ ನಾಟಕಗಳಲ್ಲಿ ನಾನು ಎಲ್ಲರಿಗೂ ಓದಲು ಹೇಳುವುದು ‘ಅಲನ್ಸ್ ವೈಫ್’. 1893ರಲ್ಲಿ ಇಂಡಿಪೆಂಡೆಂಟ್ ಥಿಯೇಟರ್ ಸಂಸ್ಥೆ ಇದನ್ನು ಟೆರೀಸ್ ಥಿಯೇಟರಿನಲ್ಲಿ ಆಡಿದಾಗಲೂ ಅದೇ ವರ್ಷ ಅಚ್ಚಾದಾಗಲೂ ಕರ್ತೃವಿನ ಹೆಸರಿರಲಿಲ್ಲ. ಗಂಡನನ್ನು ಕಳೆದುಕೊಂಡು, ಅಂಗವಿಕಲ ಶಿಶುವನ್ನು ತಾನೇ ಕೊಲ್ಲುವ ತಾಯಿಯ ಕಥೆ ಅದು. ಬರೆದವರು ಫ್ಲಾರೆನ್ಸ್ ಬೆಲ್ ಮತ್ತು ಎಲಿಜಬೆತ್ ರಾಬಿನ್ಸ್. ಮುಖ್ಯ ಪಾತ್ರ ಮಾಡಿದವರೂ ರಾಬಿನ್ಸ್ ಅವರೇ. ಇನ್ನೊಂದು ಬಗೆಯ ಮರೆಯೂ ಇದೆ: 1895ರ ವಸಂತದಲ್ಲಿ ವೈಲ್ಡನ ಬಂಧನವಾದಾಗ ಅವನ ನಾಟಕ ಆಡುತ್ತಿದ್ದ ಸೇಂಟ್ ಜೇಮ್ಸ್ ಥಿಯೇಟರ್ ಜಾಹೀರಾತುಗಳಿಂದ ಅವನ ಹೆಸರನ್ನು ತೆಗೆದುಹಾಕಿತು. ಹೆಸರಿಲ್ಲದ ಭಿತ್ತಿಪತ್ರ ಕಂಡಾಗ ಅದರ ದಿನಾಂಕವನ್ನು ಮೊದಲು ನೋಡಬೇಕು ಎಂಬುದಕ್ಕೆ ಇದಕ್ಕಿಂತ ನೋವಿನ ಉದಾಹರಣೆ ಬೇಕಿಲ್ಲ.

ಐದನೆಯ ಹೆಜ್ಜೆ: ‘ಮೊದಲ ಪ್ರದರ್ಶನ’ ನಿಜವಾದದ್ದೇ?

ಪರವಾನಗಿ ದಾಖಲೆಯಲ್ಲಿ ಕಂಡ ಮೊದಲ ಪ್ರದರ್ಶನ ಕೇವಲ ಹಕ್ಕಿನ ರಕ್ಷಣೆಗೆ ನಡೆಸಿದ ಓದು ಆಗಿರುವ ಸಾಧ್ಯತೆಯಿದೆ. ಡಯನ್ ಬೂಸಿಕೊ ತನ್ನ ‘ದ ಕಾಲೀನ್ ಬಾನ್’ ನಾಟಕವನ್ನು 1860ರಲ್ಲಿ ಮೊದಲು ನ್ಯೂಯಾರ್ಕಿನಲ್ಲಿ ಆಡಿದ್ದರಿಂದ ಬ್ರಿಟನ್ನಿನಲ್ಲಿ ಅದರ ಹಕ್ಕು ಅವನಿಗಿಲ್ಲ ಎಂದು 1863ರಲ್ಲಿ ತೀರ್ಪಾಯಿತು. ಇದರ ಪಾಠವನ್ನು ಮುಂದಿನವರು ಕಲಿತರು. ‘ದ ಪೈರೇಟ್ಸ್ ಆಫ್ ಪೆನ್ಜಾನ್ಸ್’ 1879ರ ಡಿಸೆಂಬರ್ 31ರಂದು ನ್ಯೂಯಾರ್ಕಿನಲ್ಲಿ ತೆರೆ ಕಾಣುವ ಮುನ್ನಾದಿನ, ಗಿಲ್ಬರ್ಟ್ ಮತ್ತು ಸಲಿವನ್ನರ ಸಂಚಾರಿ ತಂಡವೊಂದು ಇಂಗ್ಲೆಂಡಿನ ಪೇಂಟನ್ ಎಂಬ ಚಿಕ್ಕ ಊರಿನಲ್ಲಿ, ಬೇರೊಂದು ನಾಟಕದ ವೇಷಭೂಷಣದಲ್ಲೇ, ಕಡಲ್ಗಳ್ಳರೆಂದು ತೋರಲು ತಲೆಗೆ ಕರವಸ್ತ್ರ ಕಟ್ಟಿಕೊಂಡು, ಕೈಯಲ್ಲಿ ಪ್ರತಿ ಹಿಡಿದು ಅದನ್ನು ಆಡಿ ಮುಗಿಸಿತು. ಸ್ಟೋಕರನ ‘ಡ್ರಾಕುಲಾ’ ಓದೂ ಇದೇ ಬಗೆಯದು: ಕಾದಂಬರಿಯನ್ನು ಬೇರೆಯವರು ನಾಟಕವಾಗಿಸುವುದನ್ನು ತಡೆಯಲು ಲೇಖಕ ತಾನೇ ಮೊದಲು ನಾಟಕರೂಪವನ್ನು ಪ್ರದರ್ಶಿಸಿಬಿಡುತ್ತಿದ್ದ. ಬೆಳಗಿನ ಹೊತ್ತು, ಅತಿ ಕಡಿಮೆ ಪ್ರೇಕ್ಷಕರು, ಅಪರಿಚಿತ ಸಭಾಂಗಣ, ಒಂದೇ ದಿನ ಇಂಥ ಲಕ್ಷಣಗಳಿದ್ದರೆ ನಿಮ್ಮ ದಾಖಲೆಯಲ್ಲಿ ‘ಕೃತಿಸ್ವಾಮ್ಯದ ಪ್ರದರ್ಶನ’ ಎಂದು ಬರೆದು, ನಿಜವಾದ ಮೊದಲ ಪ್ರದರ್ಶನದ ದಿನವನ್ನು ಪ್ರತ್ಯೇಕವಾಗಿ ಕೊಡಿ.

ಆರನೆಯ ಹೆಜ್ಜೆ: ನಿರಾಕರಣೆಯ ಗುರುತುಗಳು

ಅನುಮತಿ ಸಿಗದ ನಾಟಕಗಳ ವಿಷಯ ಹಸ್ತಪ್ರತಿಗಿಂತ ಹೆಚ್ಚಾಗಿ ಕಚೇರಿಯ ಪತ್ರವ್ಯವಹಾರದಲ್ಲಿ ಸಿಗುತ್ತದೆ. ಅದು ಕ್ಯೂನಲ್ಲಿ ‘ಎಲ್‌ಸಿ 1’ (ಎಲ್‌ಸಿ ಎಂದರೆ ಲಾರ್ಡ್ ಚೇಂಬರ್ಲೇನ್) ಎಂಬ ಸಾಲಿನಲ್ಲಿದೆ. 1892ರಲ್ಲಿ ಫ್ರೆಂಚ್ ನಟಿ ಸಾರಾ ಬರ್ನ್‌ಹಾರ್ಟ್ ತಾಲೀಮು ನಡೆಸುತ್ತಿದ್ದ ವೈಲ್ಡನ ‘ಸಲೋಮೆ’ಗೆ, ಬೈಬಲಿನ ಪಾತ್ರಗಳು ರಂಗದ ಮೇಲೆ ಬರಬಾರದೆಂಬ ಕಾರಣಕ್ಕೆ, ಅನುಮತಿ ದೊರೆಯಲಿಲ್ಲ. ಕಿರಿಯ ಡ್ಯೂಮಾ ಬರೆದ ‘ಲಾ ದಾಮ್ ಓ ಕಮೇಲಿಯಾ’ ನಾಟಕವಾಗಿ ತಡೆಯಲ್ಪಟ್ಟಾಗಲೂ ಅದೇ ಕಥೆಯ ಒಪೇರಾ ‘ಲಾ ಟ್ರವಿಯಾಟಾ’ 1856ರಲ್ಲಿ ಲಂಡನ್ನಿನಲ್ಲಿ ಹಾಡಲ್ಪಟ್ಟಿತು. ಬರ್ನಾರ್ಡ್ ಷಾ ಅವರ ‘ಮಿಸೆಸ್ ವಾರೆನ್ಸ್ ಪ್ರೊಫೆಷನ್’ ಪ್ರಕರಣದಲ್ಲಿ ಮಾತ್ರ ವಿಶೇಷ ಎಚ್ಚರ ಬೇಕು: ರೆಡ್‌ಫರ್ಡ್ ನಿರಾಕರಿಸಿದ ಮೇಲೆ ಷಾ ತಾವೇ ನಾಟಕವನ್ನು ಕತ್ತರಿಸಿ, ಹಕ್ಕು ಉಳಿಸಿಕೊಳ್ಳಲು 1898ರ ಮಾರ್ಚ್ 30ರಂದು ಬೇಸ್‌ವಾಟರಿನ ವಿಕ್ಟೋರಿಯಾ ಹಾಲ್‌ನಲ್ಲಿ ಓದಿಸಿದರು. ಪರವಾನಗಿ ಪಡೆದ ಆ ಪಠ್ಯವನ್ನು ಅನುವಾದಕ್ಕೆ ಆಧಾರವಾಗಿ ಹಿಡಿದರೆ ನಾಟಕದ ಜೀವಾಳವೇ ಕೈಬಿಟ್ಟುಹೋಗುತ್ತದೆ. ಅದೇ ವರ್ಷ ಅಚ್ಚಾದ ಪಠ್ಯವನ್ನೇ ಹಿಡಿಯಿರಿ.

ಏಳನೆಯ ಹೆಜ್ಜೆ: ಇಂದಿನ ಹಕ್ಕು

ಭಾರತದಲ್ಲಿ ಕೃತಿಸ್ವಾಮ್ಯ ಲೇಖಕ ತೀರಿಕೊಂಡ ಮೇಲೆ 60 ವರ್ಷ, ಬ್ರಿಟನ್ನಿನಲ್ಲಿ 70 ವರ್ಷ ಇರುತ್ತದೆ. ಅಮೆರಿಕದಲ್ಲಿ ನಾಟಕವಾಡಿಸುವ ಕನ್ನಡ ಸಂಘಗಳ ಮಟ್ಟಿಗೆ ಹೇಳುವುದಾದರೆ, ವಿಕ್ಟೋರಿಯಾ ಕಾಲದಲ್ಲೇ ಅಚ್ಚಾದ ಕೃತಿಗಳ ಹಕ್ಕು ಅಲ್ಲಿ ಮುಗಿದಿದೆ. ಕರ್ತೃತ್ವದ ಪ್ರಶ್ನೆ ಇಲ್ಲಿಯೂ ಲೆಕ್ಕವನ್ನು ಬದಲಾಯಿಸುತ್ತದೆ. ‘ಅಲನ್ಸ್ ವೈಫ್’ ನಾಟಕವನ್ನು ಹೆಸರಿಲ್ಲದ ಕೃತಿಯೆಂದು ತೆಗೆದುಕೊಂಡರೆ ಅವಧಿಯನ್ನು 1893ರ ಪ್ರಕಟಣೆಯಿಂದ ಎಣಿಸಬೇಕಾಗುತ್ತದೆ. ಇಬ್ಬರು ಕರ್ತೃಗಳ ಕೃತಿಯೆಂದರೆ ಕೊನೆಗೆ ತೀರಿಕೊಂಡವರ, ಅಂದರೆ 1952ರಲ್ಲಿ ತೀರಿಕೊಂಡ ರಾಬಿನ್ಸ್ ಅವರ, ಮರಣದಿಂದ ಎಣಿಸಬೇಕು. ಆ ಪ್ರಕಾರ ಭಾರತದಲ್ಲಿ 2012ರ ಕೊನೆಗೆ, ಬ್ರಿಟನ್ನಿನಲ್ಲಿ 2022ರ ಕೊನೆಗೆ ಹಕ್ಕು ಮುಗಿಯಿತು. ಷಾ 1950ರಲ್ಲಿ ತೀರಿಕೊಂಡರು. ಅವರ ನಾಟಕಗಳ ಹಕ್ಕು ಇಲ್ಲಿ 2010ಕ್ಕೆ, ಅಲ್ಲಿ 2020ಕ್ಕೆ ಮುಗಿದಿದೆ.

ಎಂದೂ ಅಚ್ಚಾಗದ, ಎಂದೂ ಸಾರ್ವಜನಿಕವಾಗಿ ಆಡದ ನಾಟಕದ ಸ್ಥಿತಿ ಬೇರೆ. ಅಂಥ ಹಸ್ತಪ್ರತಿಗಳಿಗೆ, ಲೇಖಕ ಯಾವ ಕಾಲದಲ್ಲಿ ತೀರಿಕೊಂಡಿದ್ದರೂ, ಬ್ರಿಟನ್ನಿನ 1988ರ ಕಾನೂನಿನ ಪ್ರಕಾರ 2039ರ ಕೊನೆಯವರೆಗೆ ಹಕ್ಕು ಉಳಿದಿರುವ ಸಾಧ್ಯತೆಯಿದೆ. ಲೇಖಕ ಬದುಕಿದ್ದಾಗಲೇ ರಂಗವೇರಿದ ನಾಟಕಕ್ಕೆ ಈ ತೊಡಕಿಲ್ಲ, ನಿರಾಕರಣೆಗೆ ಒಳಗಾಗಿ ಮೂಲೆಗೆ ಬಿದ್ದ ನಾಟಕಕ್ಕೆ ಇದೆ. ಅದನ್ನು ಪೂರ್ತಿಯಾಗಿ ಪ್ರಕಟಿಸುವ ಮೊದಲು ಗ್ರಂಥಾಲಯದ ಹಕ್ಕುಗಳ ವಿಭಾಗಕ್ಕೆ ಬರೆದು ಕೇಳಿ. ಹಾಗೆಯೇ ಮೂಲದ ಹಕ್ಕು ಮುಗಿದಿದ್ದರೂ ಅದರ ಕನ್ನಡ ಅನುವಾದಕ್ಕೆ ಅನುವಾದಕರ ಹಕ್ಕು ಪ್ರತ್ಯೇಕವಾಗಿ ಇರುತ್ತದೆ. ಬೇರೆಯವರ ಅನುವಾದವನ್ನು ಆಡುವ ತಂಡ ಅವರ ಅಥವಾ ಅವರ ವಾರಸುದಾರರ ಒಪ್ಪಿಗೆಯನ್ನು ಪಡೆಯಲೇಬೇಕು.

ಎಲ್ಲವನ್ನೂ ಬರೆದಿಡುವಾಗ ಪರವಾನಗಿಗೆ ಒಂದು ಪರಿಚ್ಛೇದವನ್ನೂ ಕರ್ತೃತ್ವಕ್ಕೆ ಇನ್ನೊಂದನ್ನೂ ಮೀಸಲಿಡಿ. ಮೊದಲನೆಯದರಲ್ಲಿ ಒಪ್ಪಿಸಿದ ಹೆಸರು, ರಂಗಮಂದಿರ, ಪರವಾನಗಿಯ ದಿನ, ಕಡಿತ, ಸಂಪುಟದ ಸಂಖ್ಯೆ ಬರಲಿ. ಎರಡನೆಯದರಲ್ಲಿ ಕರ್ತೃವಿನ ಹೆಸರಿನ ಜೊತೆಗೆ ಅದು ಪತ್ರಿಕೆಯಿಂದ ಬಂತೋ, ಸ್ಟೇಷನರ್ಸ್ ಹಾಲ್ ದಾಖಲೆಯಿಂದ ಬಂತೋ, ಅಚ್ಚಾದ ಪ್ರತಿಯಿಂದ ಬಂತೋ ಎಂಬುದನ್ನು ನಮೂದಿಸಿ. ಹೆಸರು ಸಿಗದಿದ್ದರೆ ‘ಅಜ್ಞಾತ’ ಎಂದಷ್ಟೇ ಬರೆದು ಬಿಡಬೇಡಿ. ಯಾವ ಯಾವ ದಾಖಲೆಗಳನ್ನು ಯಾವ ವರ್ಷದವರೆಗೆ ನೋಡಿದಿರಿ ಎಂಬುದನ್ನು ಬರೆದರೆ ಮುಂದೆ ಹುಡುಕುವವರು ನೀವು ನಿಲ್ಲಿಸಿದ ಕಡೆಯಿಂದ ಮುಂದುವರಿಯಬಹುದು.